ಅಪ್ಪ ಮಾತೇ ಆಡುತ್ತಿರಲಿಲ್ಲ, ಅವರ ಬಗ್ಗೆ ಏನಂತ ಬರೆಯೋದು?

ಪ್ರಶ್ನೆ: ನಮ್ಮ ತಂದೆ ತೀರಿಕೊಂಡು ಎಂಟು ತಿಂಗಳಾಯಿತು. ಮೂಲ ಜಗಳೂರು ತಾಲ್ಲೂಕಿನ ಹಳ್ಳಿ. ಹುಡುಗರಾಗಿದ್ದಾಗಲೇ ದಾವಣಗೆರೆಗೆ ಬಂದು ಹತ್ತಿ ಮಿಲ್ಲಿನ ವೀವಿಂಗ್ ಖಾತೆಯಲ್ಲಿ, ಅಂದರೆ ನೇಯ್ಗೆ ವಿಭಾಗದಲ್ಲಿ, ಸುಮಾರು ಇಪ್ಪತ್ತೈದು ವರ್ಷ ದುಡಿದರು. 1990ರ ದಶಕದಲ್ಲಿ ಮಿಲ್ ನಿಂತಿತು. ಆಮೇಲೆ ಸಣ್ಣ ಕಿರಾಣಿ ಅಂಗಡಿ ಇಟ್ಟರು. ಇಬ್ಬರು ತಂಗಿಯರ ಮದುವೆ ಮಾಡಿದರು, ನಮ್ಮ ಮೂವರನ್ನೂ ಓದಿಸಿದರು. ವರ್ಷದ ಪುಣ್ಯಸ್ಮರಣೆಗೆ ಒಂದು ಸಣ್ಣ ಪುಸ್ತಕ ಮಾಡಿ ಬಂಧುಗಳಿಗೆ ಕೊಡೋಣ ಅಂತ ಹೊರಟಿದ್ದೇವೆ. ದೊಡ್ಡ ಮಗಳು ನಾನು, ಟೀಚರ್ ಬೇರೆ, ಹಾಗಾಗಿ ಬರೆಯುವುದು ನನ್ನ ತಲೆಗೇ ಬಂತು. ಕೂತರೆ 'ಶ್ರಮಜೀವಿ, ಶಿಸ್ತಿನ ಮನುಷ್ಯ' ಅಂತ ನಾಲ್ಕು ಸಾಲಿಗೆ ಮುಗಿದುಹೋಗುತ್ತದೆ. ಅವರು ನಮ್ಮ ಜೊತೆ ಮಾತಾಡಿದ್ದೇ ಕಡಿಮೆ, ಆಡಿದರೆ ಕೂಗಾಟ. ಮಿಲ್ಲಿನ ಗೆಳೆಯರು ಬಂದರೆ ಮಾತ್ರ ನಗುತ್ತಿದ್ದರು. ಶಾಲೆಯ ಟಿ.ಸಿ.ಯಲ್ಲಿ ಹುಟ್ಟಿದ ದಿನ 1-6-1944 ಅಂತಿದೆ. ಅಜ್ಜಿ ಮಾತ್ರ ವ್ಯಯ ಸಂವತ್ಸರದ ಕಾರ್ತಿಕ ಅನ್ನುತ್ತಿದ್ದರು. ಅದೇ ಟಿ.ಸಿ.ಯಲ್ಲಿ ಚಿತ್ರದುರ್ಗ ಜಿಲ್ಲೆ ಅಂತ ಇರುವುದರಿಂದ ಇದು ಅಪ್ಪನದ್ದೇ ಅಲ್ಲವೇನೋ ಅಂತ ತಮ್ಮನ ಅನುಮಾನ. ಅಪ್ಪ ಊರು ಬಿಟ್ಟಿದ್ದು ಅಜ್ಜನ ಜೊತೆ ಜಗಳವಾಡಿ ಅಂತ ಚಿಕ್ಕಪ್ಪ, ತನ್ನ ಮದುವೆ ಸಾಲ ತೀರಿಸಲು ಅಂತ ಅತ್ತೆ. ಮಿಲ್ ನಿಂತ ಮೇಲೆ ಎರಡು ವರ್ಷ ಅಪ್ಪ ಕುಡಿತಕ್ಕೆ ಬಿದ್ದಿದ್ದರು. ಆಗ ಅವ್ವ ಮಂಡಕ್ಕಿ ಭಟ್ಟಿಗೆ ಕೂಲಿಗೆ ಹೋಗಿ ಮನೆ ನಡೆಸಿದರು. ಅದನ್ನು ಬರೆಯಲೇಬಾರದು ಅಂತ ತಮ್ಮಂದಿರ ಹಟ. ಅವ್ವನನ್ನು ಕೇಳೋಣ ಅಂದರೆ ಅಪ್ಪನ ಹೆಸರೆತ್ತಿದ ಕೂಡಲೇ ಅಳುತ್ತಾರೆ. ಕೇಳಿ ನೋಯಿಸಬೇಡ ಅಂತ ನೆಂಟರು. ನನಗಂತೂ ಆಸ್ಪತ್ರೆಯ ಕೊನೆಯ ಹದಿನೈದು ದಿನ ಬಿಟ್ಟು ಬೇರೇನೂ ಕಣ್ಣ ಮುಂದೆ ಬರುತ್ತಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ನಾಲ್ಕು ಚಿಂತೆಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಅಪ್ಪನ ಬಗ್ಗೆ ಗೊತ್ತಿರುವುದೇ ಕಡಿಮೆ ಎಂಬ ಕೊರಗು. ಗೊತ್ತಿರುವುದರಲ್ಲಿ ಯಾವುದು ನಿಜ ಎಂಬ ಗೊಂದಲ. ನಿಜ ಗೊತ್ತಿದ್ದರೂ ಬರೆಯಬಹುದೇ ಎಂಬ ಅಂಜಿಕೆ. ಇದರ ಜೊತೆಗೆ ಹತ್ತಿರ ಬರುತ್ತಿರುವ ವರ್ಷದ ತಾರೀಖು. ಮನೆಮನೆಯ ಹಿರಿಯರ ಬದುಕನ್ನು ದಾಖಲಿಸುವ ಕೆಲಸವನ್ನೇ ನಾನು ಬಹಳ ಕಾಲದಿಂದ ಮಾಡುತ್ತಾ ಬಂದಿದ್ದೇನೆ. ಬಹುತೇಕ ಮಕ್ಕಳು ನನ್ನ ಹತ್ತಿರ ತರುವ ಮೊದಲ ಹಾಳೆ ನೀವು ಹೇಳಿದ ನಾಲ್ಕು ಸಾಲಿನದ್ದೇ. ಅದರಲ್ಲಿ 'ಶ್ರಮಜೀವಿ' ಇದ್ದೇ ಇರುತ್ತದೆ.

ಆ ನಾಲ್ಕು ಸಾಲು ಸುಳ್ಳಲ್ಲ. ಆದರೆ ಅಲ್ಲಿ ನಿಮ್ಮ ತಂದೆಯ ಹೆಸರು ತೆಗೆದು ಪಕ್ಕದ ಮನೆಯವರ ಹೆಸರು ಹಾಕಿದರೂ ನಡೆಯುತ್ತದೆ. ಗುಣ ಬರೆಯಲು ಹೋದರೆ ಯಾರಿಗೇ ಆಗಲಿ ಇದೇ ಗತಿ. ಕೆಲಸ ಬರೆಯಿರಿ. ಎಷ್ಟು ಗಂಟೆಗೆ ಎದ್ದರು, ಯಾವ ಪಾಳಿ, ಎಷ್ಟು ಮಗ್ಗ ನೋಡಿಕೊಳ್ಳುತ್ತಿದ್ದರು, ಸಂಬಳದ ದಿನ ಮನೆಗೆ ಏನು ತರುತ್ತಿದ್ದರು, ಅಂಗಡಿಯಲ್ಲಿ ಯಾರಿಗೆ ಉದ್ರಿ ಕೊಡುತ್ತಿದ್ದರು, ಯಾರಿಗೆ ಇಲ್ಲ ಅನ್ನುತ್ತಿದ್ದರು. ದುಡಿದು ಬದುಕಿದವರ ಕಥೆ ಇರುವುದು ಅಲ್ಲೇ.

ಮೊದಲು ಅವರ ಮೌನದ ವಿಷಯ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 'ವೀವಿಂಗ್ ಖಾತೆ' ಎಂಬ ಎರಡು ಪದ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲದ ಮಿಲ್ ಕಾರ್ಮಿಕರನ್ನು ಮಾತಾಡಿಸುವಾಗ ನಾನು ಮೊದಲು ಕೇಳುವುದೇ ಯಾವ ಖಾತೆ ಅಂತ. ಹತ್ತಿ ಹಿಂಜುವ ಕಾರ್ಡಿಂಗ್ ಖಾತೆಯಾದರೆ ಹತ್ತಿಯ ಧೂಳು, ಅದರ ಹಿಂದೆಯೇ ಕೆಮ್ಮು, ಎದೆಬಿಗಿತ. ವೀವಿಂಗ್ ಆದರೆ ಸದ್ದು. ನೂರಾರು ಮಗ್ಗ ಒಟ್ಟಿಗೆ ಓಡುವ ಶೆಡ್ಡಿನಲ್ಲಿ ಸದ್ದು 90 ಡೆಸಿಬಲ್ ದಾಟುವುದು ಮಾಮೂಲು. ಪಕ್ಕದವನ ಮಾತೂ ಕೇಳದು. ತುಟಿ ನೋಡಿ, ಕೈಸನ್ನೆ ಮಾಡಿ ಕೆಲಸ ನಡೆಸುತ್ತಾರೆ. ನೂಲು ಕಡಿಯದಿರಲಿ ಅಂತ ಶೆಡ್ಡಿನಲ್ಲಿ ತೇವ ಬೇರೆ ಹಿಡಿದಿಡುತ್ತಾರೆ, ಹಾಗಾಗಿ ಬೇಸಿಗೆಯಲ್ಲಿ ಒಳಗೆ ಬೇಯುವಂಥ ಸೆಕೆ.

ಇಂಥ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದವರ ಕಿವಿ ನಿಧಾನಕ್ಕೆ ಮಂದವಾಗುತ್ತದೆ. ಅದೂ ಒಂದು ಕ್ರಮದಲ್ಲಿ. ಮೊದಲು ಹೋಗುವುದು ಎತ್ತರದ ದನಿಗಳು. ಅಂದರೆ ಹೆಂಗಸರ ದನಿ, ಮಕ್ಕಳ ದನಿ. ಸ, ಶ ಥರದ ಅಕ್ಷರಗಳು ಮಸುಕಾಗಿ ಮಾತು ಕೇಳಿಸಿದರೂ ಅರ್ಥವಾಗುವುದಿಲ್ಲ. ಗಂಡಸರ ದಪ್ಪ ದನಿ ಇನ್ನೂ ಬಹಳ ವರ್ಷ ಕೇಳಿಸುತ್ತದೆ. ತಮಗೇ ಸರಿಯಾಗಿ ಕೇಳದ್ದರಿಂದ ತಾವೂ ಜೋರಾಗಿ ಮಾತಾಡುತ್ತಾರೆ. ಮನೆಯವರಿಗೆ ಅದು ಕೂಗಾಟ. ಮಕ್ಕಳು ಏನೋ ಕೇಳಿದರೆ ಉತ್ತರ ಬರುವುದಿಲ್ಲ, ಗೆಳೆಯರು ಬಂದರೆ ನಗು ಮಾತು ಎಲ್ಲಾ ಬರುತ್ತದೆ. ಆ ಗೆಳೆಯರಿಗೆ ತುಟಿ ಆಡಿಸಿ ಮಾತಾಡುವ ಅಭ್ಯಾಸವೂ ಇರುತ್ತದಲ್ಲ!

ನಿಮ್ಮ ತಂದೆಗೆ ಹೀಗೇ ಆಗಿತ್ತು ಅಂತ ನಾನು ಇಲ್ಲಿ ಕೂತು ಹೇಳಲಾರೆ. ಕಿವಿ ಮಂದ ಇದ್ದವರಿಗೆ ಸಿಟ್ಟೂ ಇರಬಹುದು. ಎಲ್ಲ ಕೋಪಕ್ಕೂ ಮಿಲ್ಲಿನ ಸದ್ದೇ ಕಾರಣ ಅಂತ ಬರೆದರೆ ಅದೂ ಒಂದು ಥರದ ಬಣ್ಣ ಬಳಿಯುವುದೇ. ಆದರೆ ವಿಚಾರಿಸಿ ನೋಡಿ. ಟಿ.ವಿ. ಜೋರಾಗಿ ಇಡುತ್ತಿದ್ದರಾ? ಫೋನಿನಲ್ಲಿ ಮಾತಾಡಲು ಹಿಂದೇಟು ಹಾಕುತ್ತಿದ್ದರಾ? ಮದುವೆ ಮನೆಯ ಗದ್ದಲದಲ್ಲಿ ಒಬ್ಬರೇ ಮೂಲೆ ಹಿಡಿಯುತ್ತಿದ್ದರಾ? ಅವರ ಜೊತೆ ದುಡಿದ ಒಬ್ಬರಾದರೂ ಊರಿನಲ್ಲಿ ಇದ್ದರೆ ಅವರ ಮನೆಗೆ ಹೋಗಿ ಬನ್ನಿ. ನಿಮ್ಮ ತಂದೆ ಬಾಯಿಬಿಟ್ಟು ಮಾತಾಡಿದ್ದು ಅವರ ಹತ್ತಿರವೇ.

ಇನ್ನು ಹುಟ್ಟಿದ ದಿನ. ಇದು ಸುಲಭ. ನಮ್ಮಲ್ಲಿ ಜನನ ಮರಣ ನೋಂದಣಿ ಕಾಯ್ದೆ ಬಂದಿದ್ದು 1969ರಲ್ಲಿ. ಅದಕ್ಕೂ ಮೊದಲು ಹಳ್ಳಿಗಳಲ್ಲಿ ಹುಟ್ಟಿದ ತಾರೀಖು ಬರೆಸಿದವರು ಕಡಿಮೆ. ಬಲಗೈ ತಲೆ ಮೇಲಿಂದ ತಂದು ಎಡಗಿವಿ ಮುಟ್ಟಿದರೆ ಶಾಲೆಗೆ ಸೇರಿಸುವ ವಯಸ್ಸಾಯಿತು ಅಂತ ಲೆಕ್ಕ. ಮೇಷ್ಟ್ರು ಅಂದಾಜಿಗೆ ಒಂದು ತಾರೀಖು ಬರೆಯುತ್ತಿದ್ದರು. ಶಾಲೆ ಶುರುವಾಗುವ ಜೂನ್ ಒಂದು ಎಲ್ಲಕ್ಕಿಂತ ಸಲೀಸು. ಆ ಪೀಳಿಗೆಯಲ್ಲಿ ಜೂನ್ ಒಂದಕ್ಕೆ ಹುಟ್ಟಿದವರು ಊರು ತುಂಬಾ ಸಿಗುತ್ತಾರೆ. ನಿಮ್ಮ ಅಜ್ಜಿ ಹೇಳಿದ್ದೇ ಹೆಚ್ಚು ನಂಬುವ ಮಾತು. ವ್ಯಯ ಸಂವತ್ಸರ ಅಂದರೆ 1946ರ ಯುಗಾದಿಯಿಂದ 1947ರ ಯುಗಾದಿವರೆಗೆ. ಅದರ ಕಾರ್ತಿಕ ಅಂದರೆ 1946ರ ಅಕ್ಟೋಬರ್ ಕೊನೆ, ಇಲ್ಲವೇ ನವೆಂಬರ್. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ ತಪ್ಪುವ ಹಾಗೂ ಇಲ್ಲ. ಪುಸ್ತಕದಲ್ಲಿ ಎರಡನ್ನೂ ಹಾಕಿ: ದಾಖಲೆಯಲ್ಲಿ ಹೀಗಿದೆ, ಅಜ್ಜಿ ಹೀಗೆ ಹೇಳುತ್ತಿದ್ದರು. ಹಾಗಂತ ಪಿಂಚಣಿ, ಬ್ಯಾಂಕು, ಮರಣ ಪತ್ರದ ಕಾಗದಗಳಲ್ಲಿ ಇರುವ ತಾರೀಖನ್ನು ಈಗ ಕೆದಕಲು ಹೋಗಬೇಡಿ. ಸುಮ್ನೆ ತಲೆನೋವು.

ಟಿ.ಸಿ. ಬಗ್ಗೆ ನಿಮ್ಮ ತಮ್ಮನಿಗೆ ಹೇಳಿ, ಅದರಲ್ಲಿ ದಾವಣಗೆರೆ ಜಿಲ್ಲೆ ಅಂತ ಇದ್ದಿದ್ದರೆ ಅನುಮಾನ ಪಡಬೇಕಿತ್ತು. ದಾವಣಗೆರೆ ಜಿಲ್ಲೆಯಾಗಿದ್ದು 1997ರಲ್ಲಿ. ಅಲ್ಲಿಯವರೆಗೆ ಜಗಳೂರು, ಹರಿಹರ, ದಾವಣಗೆರೆ ಎಲ್ಲವೂ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕುಗಳೇ. 1973ರ ನವೆಂಬರ್‌ಗೆ ಮುಂಚಿನ ಕಾಗದವಾದರೆ ರಾಜ್ಯದ ಹೆಸರೂ ಮೈಸೂರು ಅಂತಲೇ ಇರುತ್ತದೆ.

ಚಿಕ್ಕಪ್ಪ ಒಂದು ಹೇಳುತ್ತಾರೆ, ಅತ್ತೆ ಇನ್ನೊಂದು ಅಂದಿರಿ. ಇಲ್ಲಿ ಒಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತ ಏಕೆ ಅಂದುಕೊಳ್ಳಬೇಕು? ನೆನಪು ಪೆಟ್ಟಿಗೆಯಲ್ಲಿಟ್ಟ ಬಟ್ಟೆಯಲ್ಲ, ಇಟ್ಟ ಹಾಗೇ ತೆಗೆಯಲು. ಪ್ರತಿ ಸಲ ಹೇಳುವಾಗಲೂ ಮನಸ್ಸು ಅದನ್ನು ಹೊಸದಾಗಿ ಕಟ್ಟುತ್ತದೆ. ಬಾರ್ಟ್ಲೆಟ್ ಎಂಬ ಮನಶ್ಶಾಸ್ತ್ರಜ್ಞ 1932ರಲ್ಲೇ ಇದನ್ನು ತೋರಿಸಿಕೊಟ್ಟಿದ್ದ. ಚಿಕ್ಕಪ್ಪನಿಗೆ ಆಗ ಕಂಡಿದ್ದು ಅಂಗಳದ ಜಗಳ. ಅತ್ತೆಗೆ ತಟ್ಟಿದ್ದು ಸಾಲ, ಏಕೆಂದರೆ ಅದು ಅವರ ಹೆಸರಿನ ಸಾಲ. ಸಾಲದಿಂದಲೇ ಜಗಳ ಹುಟ್ಟಿರಬಹುದಲ್ವಾ? ಜಗಳೂರು ಸೀಮೆ ಬರದ ಸೀಮೆ, ಮಳೆ ಕೈಕೊಟ್ಟ ವರ್ಷ ಮನೆಯಲ್ಲಿ ಜಗಳಕ್ಕೆ ಕಾರಣ ಹುಡುಕಬೇಕಿಲ್ಲ. ಇಬ್ಬರದ್ದನ್ನೂ ಅವರವರ ಹೆಸರಿನಲ್ಲೇ ಬರೆಯಿರಿ. ತೀರ್ಪು ಕೊಡಲು ಹೋಗಬೇಡಿ.

ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಕೇಳುವುದು ಮುಖ್ಯ. ಹಬ್ಬಕ್ಕೆ ಎಲ್ಲರೂ ಸೇರಿದಾಗ ಕೇಳಿದರೆ ಜೋರು ದನಿಯವರ ಕಥೆಯೇ ಮನೆಯ ಕಥೆಯಾಗಿಬಿಡುತ್ತದೆ. ಸಾಮಾನ್ಯವಾಗಿ ಅದು ಗಂಡಸಿನ ದನಿ. ಮತ್ತೆ, ವಯಸ್ಸಾದವರಿಗೆ ಹತ್ತರಿಂದ ಮೂವತ್ತು ವರ್ಷದೊಳಗಿನ ದಿನಗಳೇ ಹೆಚ್ಚು ನಿಚ್ಚಳವಾಗಿ ನೆನಪಿರುತ್ತವೆ. ಅತ್ತೆಯನ್ನು ಕಳೆದ ಹತ್ತು ವರ್ಷದ ಬಗ್ಗೆ ಕೇಳಿ ಪ್ರಯೋಜನವಿಲ್ಲ, ಹಳ್ಳಿಯ ಮನೆಯ ಬಗ್ಗೆ ಕೇಳಿ. 'ಅಪ್ಪ ಹೇಗಿದ್ದರು' ಅಂತ ಕೇಳಿದರೆ 'ದೇವರಂಥ ಮನುಷ್ಯ' ಅಂತ ಉತ್ತರ ಬಂದು ಅಲ್ಲಿಗೆ ಮುಗಿಯುತ್ತದೆ. 'ಅಣ್ಣ ಮೊದಲ ಸಲ ದಾವಣಗೆರೆಯಿಂದ ಊರಿಗೆ ಬಂದಾಗ ಕೈಯಲ್ಲಿ ಏನಿತ್ತು?' ಅಂತ ಕೇಳಿ. 'ಯಾರ ಮನೆಯಲ್ಲಿ ಉಳಕೊಂಡಿದ್ದ? ಊಟ ಎಲ್ಲಿ?' ಅಂತ ಕೇಳಿ. ಸೇರು, ಪಲ್ಲ, ಆಣೆಯ ಲೆಕ್ಕದಲ್ಲಿ ಹೇಳಿದರೆ ಹಾಗೇ ಬರೆದುಕೊಳ್ಳಿ, ಕಿಲೋಗೆ ತಿರುಗಿಸಬೇಡಿ.

ವರ್ಷ ಕೇಳಿದರೆ ಯಾರಿಗೂ ಹೇಳಲು ಬರುವುದಿಲ್ಲ. ಅದಕ್ಕೆ ಗುರುತು ಹಿಡಿದು ಕೇಳಬೇಕು. ಇಂದಿರಾ ಗಾಂಧಿ ಹತ್ಯೆಯ ಸುದ್ದಿ ಬಂದಾಗ ಅಪ್ಪ ಎಲ್ಲಿದ್ದರು? ಅದು 1984ರ ಅಕ್ಟೋಬರ್ 31. ಹಗಲಲ್ಲೇ ಕತ್ತಲಾದ ದೊಡ್ಡ ಸೂರ್ಯಗ್ರಹಣಕ್ಕೆ ಯಾರು ಹುಟ್ಟಿದ್ದರು, ಯಾರು ಇನ್ನೂ ಇಲ್ಲ? ಅದು 1980ರ ಫೆಬ್ರವರಿ 16. ಮಿಲ್ ಕಾರ್ಮಿಕರ ನಾಯಕ ಪಂಪಾಪತಿಯವರು ಮೊದಲ ಸಲ ಶಾಸಕರಾದ 1978ರ ಎಲೆಕ್ಷನ್ ಆ ಮಿಲ್ಲಿನವರಿಗೆ ಮರೆಯುವಂಥದ್ದಲ್ಲ. ದುಗ್ಗಮ್ಮನ ಜಾತ್ರೆಯೂ ಒಳ್ಳೆಯ ಗುರುತು. ಯಾವ ಜಾತ್ರೆಗೆ ಯಾರ ಮದುವೆಯಾಗಿತ್ತು, ಯಾರ ತೊಡೆ ಮೇಲೆ ಮಗು ಇತ್ತು ಅಂತ ಹೆಂಗಸರಿಗೆ ಚೆನ್ನಾಗಿ ನೆನಪಿರುತ್ತದೆ.

ಈಗ ನಿಮ್ಮ ಅವ್ವನ ವಿಷಯ. ನಿಮ್ಮ ಪತ್ರದ ಜೀವ ಇರುವುದು ಇಲ್ಲೇ ಅಂತ ನನಗೆ ಅನಿಸಿತು.

ಕೇಳಿದರೆ ಅಳುತ್ತಾರೆ, ಆದ್ದರಿಂದ ಕೇಳಬಾರದು ಎಂಬುದು ನಮ್ಮಲ್ಲಿ ಬಲವಾಗಿ ಬೇರೂರಿದ ನಂಬಿಕೆ. ಅತ್ತರೆ ಕೆಟ್ಟದ್ದೇನೂ ಆಗುವುದಿಲ್ಲ. ಎಂಟು ತಿಂಗಳಿಗೆ ಅಳು ಬರುವುದು ಸಹಜ. ಹೆಸರೇ ಎತ್ತದ ಮನೆಯಲ್ಲಿ ಅವರು ಒಬ್ಬರೇ ಕೂತು ಅಳುತ್ತಾರೆ, ಅಷ್ಟೇ ವ್ಯತ್ಯಾಸ. ಹಾಗಂತ ಎದುರಿಗೆ ಫೋನ್ ಇಟ್ಟು ಕೂರಿಸುವುದೂ ಬೇಡ. ಬೇಡ ಅಂದರೆ ಅಲ್ಲಿಗೇ ಬಿಡಿ. ನಾನು ಮನೋವೈದ್ಯನಲ್ಲ, ಆದರೂ ಒಂದು ಮಾತು: ಊಟ, ನಿದ್ದೆ ಬಿಟ್ಟಿದ್ದರೆ, ಬದುಕು ಸಾಕು ಅನ್ನುವ ಮಾತು ಬರುತ್ತಿದ್ದರೆ ಪುಸ್ತಕ ಬದಿಗಿಟ್ಟು ವೈದ್ಯರಿಗೆ ತೋರಿಸಿ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಇನ್ನೊಂದು ದಾರಿ ಇದೆ. ಅಪ್ಪನ ಬಗ್ಗೆ ಕೇಳಬೇಡಿ, ಅವ್ವನ ಬಗ್ಗೆಯೇ ಕೇಳಿ. ಎಂಟು ತಿಂಗಳಿಂದ ಬಂದುಹೋದವರೆಲ್ಲ ಗಂಡನ ಬಗ್ಗೆ ಮಾತಾಡಿದ್ದಾರೆ, ಅವ್ವನ ದುಡಿಮೆ ಬಗ್ಗೆ ಯಾರಾದರೂ ಕೇಳಿದ್ದಾರಾ? ರಾತ್ರಿ ಪಾಳಿಗೆ ಬುತ್ತಿ ಕಟ್ಟಿದ್ದು ಯಾರು? ಹಗಲು ಅಪ್ಪ ಮಲಗಲಿ ಅಂತ ಮೂರು ಮಕ್ಕಳನ್ನು ಹೊರಗೆ ಹಿಡಿದಿಟ್ಟಿದ್ದು ಯಾರು? ಭಟ್ಟಿಯ ಕೆಲಸವೂ ಸಾಮಾನ್ಯದ್ದಲ್ಲ. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪು ಹಿಡಿಸಿ, ಕಾದ ಮರಳಿನಲ್ಲಿ ಹುರಿಯುವವರೆಗೆ ಎಲ್ಲವೂ ಬೆಂಕಿ, ಹೊಗೆ, ಧೂಳಿನ ನಡುವೆ. ಊರಿನವರೆಲ್ಲ ಸಂಜೆ ಮೆಣಸಿನಕಾಯಿ ಜೊತೆ ತಿನ್ನುವ ಮಂಡಕ್ಕಿ ಅದು. ಎರಡು ವರ್ಷ ನಿಮ್ಮ ಮನೆ ನಡೆದಿದ್ದು ಆ ಕೂಲಿಯಿಂದ. ಅದನ್ನು ಬಿಟ್ಟು ಬರೆದರೆ ಅಪ್ಪನ ಕಥೆಯೂ ಪೂರ್ತಿಯಾಗುವುದಿಲ್ಲ. ಮಿಲ್ ನಿಂತ ಮನುಷ್ಯ ಕಿರಾಣಿ ಅಂಗಡಿಗೆ ಹೇಗೆ ಬಂದ, ಬಂಡವಾಳ ಎಲ್ಲಿಂದ ಬಂತು ಎಂಬ ಪ್ರಶ್ನೆ ಉಳಿದುಬಿಡುತ್ತದೆ.

ನಿಮ್ಮ ತಮ್ಮಂದಿರ ಹಟವನ್ನು ನಾನು ಹೀನಾಯ ಮಾಡುವುದಿಲ್ಲ. ಅವ್ವ ಕೂಲಿಗೆ ಹೋಗಿದ್ದು ಗೊತ್ತಾದರೆ ನೆಂಟರ ಮುಂದೆ ತಲೆ ತಗ್ಗಿಸಬೇಕಾಗುತ್ತದೆ ಅನ್ನುವ ಭಯ ಅವರದ್ದು. ಕುಡಿತದ ವಿಷಯವಂತೂ ಹೇಳುವುದೇ ಬೇಡ. ಆದರೆ ಇದನ್ನು ತೀರ್ಮಾನಿಸಬೇಕಾದವರು ಅವರಲ್ಲ, ನೀವೂ ಅಲ್ಲ. ಆ ಎರಡು ವರ್ಷ ಅವ್ವನದ್ದು. ಬರೆದಿದ್ದನ್ನು ಅವರಿಗೆ ಓದಿ ಹೇಳಿ. ಇರಲಿ ಅಂದರೆ ಇರಲಿ, ತೆಗಿ ಅಂದರೆ ತೆಗೆಯಿರಿ. ನನ್ನ ಅನುಭವದಲ್ಲಿ ಹೆಂಗಸರು ಹೆಚ್ಚಾಗಿ ಕುಡಿತದ ಸಾಲು ತೆಗೆಸುತ್ತಾರೆ, ಕೂಲಿಯ ಸಾಲು ಉಳಿಸುತ್ತಾರೆ.

ಹಾಗಾದರೆ ಪುಸ್ತಕ ಹೇಗಿರಬೇಕು? ಒಳ್ಳೆಯದನ್ನಷ್ಟೇ ಬರೆದ ಸ್ಮರಣ ಸಂಚಿಕೆ ಮಾಡಿದರೆ ಮನೆಯಲ್ಲಿ ಜಗಳವಿಲ್ಲ, ಆದರೆ ಊಟ ಮುಗಿಸಿ ಹೋದವರು ಅದನ್ನು ತೆರೆಯುವುದೂ ಇಲ್ಲ. ಎಲ್ಲವನ್ನೂ ಬಿಚ್ಚಿ ಬರೆದು ನೂರು ಮನೆಗೆ ಹಂಚಿದರೆ ನಿಮಗೆ ಹಗುರಾಗಬಹುದು. ಅವ್ವ ಮಾತ್ರ ನಾಳೆ ಅದೇ ಬೀದಿಯಲ್ಲಿ ಓಡಾಡಬೇಕು. ನಾನು ಹೆಚ್ಚಾಗಿ ಎರಡು ಮಾಡಿಸುತ್ತೇನೆ. ಎಲ್ಲರಿಗೂ ಕೊಡಲು ಹದಿನಾರು ಪುಟದ್ದೊಂದು, ಅದರ ತುಂಬಾ ಕೆಲಸದ ವಿವರ, ಫೋಟೊ, ಇಬ್ಬರು ಮೂವರ ಮಾತು. ಮನೆಯಲ್ಲಿ ಇಡಲು ಪೂರ್ತಿಯಾದ ಇನ್ನೊಂದು, ಮೂರೇ ಪ್ರತಿ, ರೆಕಾರ್ಡಿಂಗ್ ಸಮೇತ. ಇದರಲ್ಲೂ ಅಪಾಯ ಇಲ್ಲವೆಂದಲ್ಲ. ಮನೆಯ ಪ್ರತಿಯ ಒಂದು ಪುಟದ ಫೋಟೊ ವಾಟ್ಸ್ಯಾಪ್‌ಗೆ ಹೋಗಲು ಒಂದು ನಿಮಿಷ ಸಾಕು. ಯಾರ ಕೈಗೂ ಹೋಗಬಾರದ್ದನ್ನು ಬರೆಯದೇ ಇರುವುದೇ ಮೇಲು.

ಆಸ್ತಿಯ ವಿಷಯದಲ್ಲಿ ಮಾತ್ರ ಬಿಗಿಯಾಗಿರಿ. 'ಚಿಕ್ಕಪ್ಪನೂ ದುಡ್ಡು ಹಾಕಿದ್ದರು', 'ಊರಿನ ಹೊಲ ಮಾರಿ ಈ ಮನೆ ಕಟ್ಟಿದರು' ಅನ್ನುವಂಥ ಸಾಲುಗಳು ಪ್ರೀತಿಯಿಂದ ಬಂದಿರುತ್ತವೆ. ಆಸ್ತಿ ಸ್ವಯಾರ್ಜಿತವೋ ಪಿತ್ರಾರ್ಜಿತವೋ ಎಂಬ ತಕರಾರು ನಾಳೆ ಎದ್ದರೆ ಯಾರಾದರೂ ಆ ಅಚ್ಚಾದ ಸಾಲನ್ನು ಹಿಡಿದು ಬರಬಹುದು. ಪಾಲು ಇನ್ನೂ ಆಗಿಲ್ಲದಿದ್ದರೆ ಅಂಥ ಮಾತು ಬೇಡ, ಇಲ್ಲವೇ ವಕೀಲರಿಗೆ ಒಮ್ಮೆ ತೋರಿಸಿ. ಅಂಗಡಿಯ ಉದ್ರಿ ಪುಸ್ತಕ ಸಿಕ್ಕರೆ ಅದು ಬಂಗಾರ. ಆದರೆ ಸಾಲ ಇಟ್ಟವರ ಹೆಸರು ಅಚ್ಚು ಹಾಕಬೇಡಿ. ದಾಖಲೆಗಳ ಚಿತ್ರ ಹಾಕುವಾಗ ಆಧಾರ್, ಬ್ಯಾಂಕ್ ಖಾತೆ, ಪಿಂಚಣಿಯ ನಂಬರುಗಳನ್ನು ಮುಚ್ಚಿ.

ದಾಖಲೆ ಅಂದಾಗ ನೆನಪಾಯಿತು. ಟ್ರಂಕು, ಬೀರು ಹುಡುಕುವಾಗ ಪಿ.ಎಫ್. ಸ್ಲಿಪ್, ಇ.ಎಸ್.ಐ. ಕಾರ್ಡು, ಎಲ್.ಐ.ಸಿ. ಬಾಂಡು, ಹಳೆಯ ರೇಷನ್ ಕಾರ್ಡು ಯಾವುದನ್ನೂ ಎಸೆಯಬೇಡಿ. ಕೆಲಸಕ್ಕೆ ಸೇರಿದ ದಿನ, ಮನೆಯಲ್ಲಿ ಆಗ ಯಾರ್ಯಾರಿದ್ದರು ಎಲ್ಲವೂ ಅಲ್ಲಿ ಸಿಗುತ್ತದೆ. ಪಿ.ಎಫ್. ಕಾಗದ ಸಿಕ್ಕರೆ ಪುಸ್ತಕಕ್ಕೂ ಮೊದಲು ಇನ್ನೊಂದು ಕೆಲಸ ಮಾಡಿ. 1971ರ ಕುಟುಂಬ ಪಿಂಚಣಿ ಯೋಜನೆಗಾಗಲಿ, 1995ರ ನೌಕರರ ಪಿಂಚಣಿ ಯೋಜನೆಗಾಗಲಿ ಅವರು ಸೇರಿದ್ದರಾ, ಅವ್ವನಿಗೆ ಏನಾದರೂ ಬರಬೇಕಿದೆಯಾ ಅಂತ ಪಿ.ಎಫ್. ಆಫೀಸಿನಲ್ಲಿ ವಿಚಾರಿಸಿ. ಎಷ್ಟೋ ಮನೆಗಳಲ್ಲಿ ಇದನ್ನು ಯಾರೂ ಕೇಳಿಯೇ ಇರುವುದಿಲ್ಲ. ಹಳೆಯ ಫೋಟೊಗಳಿಗೆ ಲ್ಯಾಮಿನೇಷನ್ ಮಾಡಿಸಬೇಡಿ, ಆಮೇಲೆ ಬಿಡಿಸಲು ಬರುವುದಿಲ್ಲ. 600 ಡಿ.ಪಿ.ಐ.ನಲ್ಲಿ ಸ್ಕ್ಯಾನ್ ಮಾಡಿಸಿ, ಹಿಂಬದಿಗೆ ಮೆತ್ತಗಿನ ಪೆನ್ಸಿಲ್‌ನಲ್ಲಿ ಹೆಸರು ಬರೆದಿಡಿ.

ಆಸ್ಪತ್ರೆಯ ದಿನಗಳೇ ಕಣ್ಣ ಮುಂದೆ ಬರುತ್ತವೆ ಅಂದಿರಿ. ಹೆಚ್ಚು ನೋವು ಕೊಟ್ಟ ಗಳಿಗೆ ಮತ್ತು ಕೊನೆಯ ಗಳಿಗೆ, ಇವೆರಡೇ ಮನಸ್ಸಿನಲ್ಲಿ ಬೇರೆಲ್ಲ ನೆನಪುಗಳ ಮೇಲೆ ಕೂರುತ್ತವೆ. ನಿಮಗೆ ಎರಡೂ ಒಂದೇ ಕಡೆ ಆಗಿದೆ. ತಳ್ಳಿದಷ್ಟೂ ಅದು ಬರುತ್ತದೆ. ಆ ಹದಿನೈದು ದಿನವನ್ನೇ ಮೊದಲು ಒಂದು ಹಾಳೆಯಲ್ಲಿ ಬರೆದು ಪಕ್ಕಕ್ಕಿಡಿ. ಪುಸ್ತಕಕ್ಕೆ ಹಾಕುವ ಅಗತ್ಯವಿಲ್ಲ. ಆಮೇಲೆ ಮಿಲ್ಲಿನ ಗೆಳೆಯರು, ಅತ್ತೆ, ಅವ್ವ ಹೇಳಿದ್ದನ್ನು ಬರೆಯುತ್ತಾ ಹೋದ ಹಾಗೆ ಬೇರೆ ವಯಸ್ಸಿನ ಅಪ್ಪ ನಿಧಾನಕ್ಕೆ ಬರುತ್ತಾರೆ. ಒಂದೇ ವಾರದಲ್ಲಿ ಆಗುವ ಕೆಲಸ ಅಲ್ಲ.

ಹಾಗಾಗಿ ವರ್ಷದ ತಾರೀಖಿಗೆ ಪುಸ್ತಕ ಬರಲೇಬೇಕು ಅಂತ ಗಂಟು ಹಾಕಿಕೊಳ್ಳಬೇಡಿ. ಪ್ರೆಸ್ಸಿನವರ ಅವಸರಕ್ಕೆ ಬಿದ್ದು ಕೆಟ್ಟ ಪುಸ್ತಕಗಳೇ ಜಾಸ್ತಿ. ಅವತ್ತಿಗೆ ಒಂದು ಫೋಟೊ ಇರುವ ಕಾರ್ಡು ಕೊಟ್ಟರೂ ಸಾಕು. ಮುಂದಿನ ನಾಲ್ಕು ತಿಂಗಳು ಮಾತು ಸಂಗ್ರಹಿಸಲು ಇರಲಿ. ಎಲ್ಲರಿಗಿಂತ ಮೊದಲು ಅತ್ತೆಯ ಮನೆಗೆ ಹೋಗಿ. ಹಳ್ಳಿಯ ದಿನಗಳನ್ನು ಬಲ್ಲವರಲ್ಲಿ ನಿಮ್ಮ ಪತ್ರದಲ್ಲಿ ಕಾಣುವವರು ಅವರು ಮತ್ತು ಚಿಕ್ಕಪ್ಪ ಇಬ್ಬರೇ. ರೆಕಾರ್ಡ್ ಮಾಡುತ್ತೇನೆ ಅಂತ ಮೊದಲೇ ಹೇಳಿ, ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಫ್ಯಾನ್ ಆರಿಸಿ ಕೂತುಕೊಳ್ಳಿ. ಒಂದು ಗಂಟೆ ದಾಟಿಸಬೇಡಿ, ಅವರಿಗೆ ದಣಿವಾಗುತ್ತದೆ. ಮನೆಗೆ ಬಂದ ದಿನವೇ ಅದರ ಇನ್ನೊಂದು ಪ್ರತಿಯನ್ನು ತಮ್ಮನಿಗೂ ಕಳಿಸಿಬಿಡಿ.